ಫ್ರಾನ್ಸ್ ‘ಬಾ’ ಎಂದ ಪೈಲಟ್‌ಗಳು

ಪ್ಯಾರಿಸ್ಸಿನ ಸೇಂಟ್ ಲಾಜಾರ್ ಸ್ಟೇಷನ್ನಿನಲ್ಲಿ ಎಲ್ ಲೈನಿನ ಲೋಕಲ್ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಗಾರ್ಶ್–ಮಾರ್ನ್ ಲಾ ಕೊಕೆತ್ ಸ್ಟೇಷನ್ ಬರುತ್ತದೆ. ಅಲ್ಲಿಂದ ನಡೆದು ಹೋದರೆ ಮರಗಳ ನಡುವೆ ಒಂದು ದೊಡ್ಡ ಕಲ್ಲಿನ ಕಮಾನು. ಪ್ಯಾರಿಸ್ಸಿನ ಪ್ರಸಿದ್ಧ ಆರ್ಕ್ ದ ತ್ರಿಯೋಂಫ್ ಇದೆಯಲ್ಲ, ಅದರ ಅರ್ಧ ಅಳತೆಗೆ ಇದನ್ನು ಕಟ್ಟಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹಾರಿದ ಅಮೆರಿಕನ್ ಪೈಲಟ್‌ಗಳ ಸ್ಮಾರಕ ಇದು. ಕೆಳಗಿನ ನೆಲಮಾಳಿಗೆಯಲ್ಲಿ ಬಣ್ಣದ ಗಾಜಿನ ಕಿಟಕಿಗಳು, 68 ಕಲ್ಲಿನ ಶವಪೆಟ್ಟಿಗೆಗಳು. ಅವುಗಳ ಮೇಲಿನ ಹೆಸರುಗಳು ಹೆಚ್ಚುಕಮ್ಮಿ ಎಲ್ಲವೂ ಅಮೆರಿಕದವರದ್ದು. 1928ರ ಜುಲೈ 4ರಂದು ಇದರ ಉದ್ಘಾಟನೆಯಾಯಿತು.

ನಮ್ಮ ಮನೆ ಇದೇ ರೈಲು ಲೈನಿನಲ್ಲಿರುವುದರಿಂದ ಊರಿಂದ ಬಂದವರನ್ನೆಲ್ಲ ಇಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಬಂದಿದ್ದಾಗ ಒಂದೊಂದೇ ಹೆಸರು ಓದಿ ಕೇಳಿದರು: “ಅಲ್ಲಪ್ಪಾ, ಅಮೆರಿಕದವರು ಇಲ್ಲಿಗೆ ಬಂದು ಯಾಕೆ ಸತ್ತರು? ಆಗಿನ್ನೂ ಅದು ಅವರ ಯುದ್ಧವೇ ಆಗಿರಲಿಲ್ಲ, ಅಲ್ವಾ?”

ಅಪ್ಪನ ಮಾತು ಸರಿ. ಯುದ್ಧ ಶುರುವಾಗಿದ್ದು 1914ರಲ್ಲಿ. ಅಮೆರಿಕ 1917ರ ಏಪ್ರಿಲ್‌ವರೆಗೂ ತಟಸ್ಥವಾಗಿತ್ತು. ಆದರೆ ಒಂದಷ್ಟು ಹುಡುಗರು ಅಷ್ಟು ದಿನ ಕಾಯಲಿಲ್ಲ. ಬೇರೆ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದರೆ ತಮ್ಮ ಪೌರತ್ವ ಹೋಗುತ್ತಿತ್ತು. ಫ್ರಾನ್ಸಿನ ‘ವಿದೇಶಿ ಪಡೆ’ಗೆ ಸೇರಲು ಅಂಥ ಪ್ರಮಾಣ ಬೇಕಿರಲಿಲ್ಲ. ಹಾಗಾಗಿ ಹಲವರು ಮೊದಲು ಅಲ್ಲಿಗೆ ಸೇರಿ, ಆಮೇಲೆ ವಿಮಾನದಳಕ್ಕೆ ದಾಟಿಕೊಂಡರು. ನಾರ್ಮನ್ ಪ್ರಿನ್ಸ್, ವಿಲಿಯಂ ಥಾ ಮುಂತಾದವರು ಹಟ ಹಿಡಿದಿದ್ದಕ್ಕೆ 1916ರ ಏಪ್ರಿಲ್ 20ರಂದು ಅಮೆರಿಕನ್ನರದ್ದೇ ಒಂದು ಸ್ಕ್ವಾಡ್ರನ್, ಅಂದರೆ ವಿಮಾನ ತುಕಡಿ, ಹುಟ್ಟಿತು. ಅದರ ಕಮಾಂಡರ್ ಮಾತ್ರ ಫ್ರೆಂಚ್ ಕ್ಯಾಪ್ಟನ್ ಜಾರ್ಜ್ ತೆನೋ. ತಟಸ್ಥ ದೇಶದ ಹೆಸರಲ್ಲಿ ಸ್ಕ್ವಾಡ್ರನ್ ಹೇಗೆ ಎಂದು ಜರ್ಮನಿ ತಕರಾರು ತೆಗೆಯಿತು. ಆಗ ಇಟ್ಟ ಹೆಸರೇ ‘ಲಫಾಯೆಟ್ ಎಸ್ಕಾಡ್ರಿಲ್’ (ಎಸ್ಕಾಡ್ರಿಲ್ ಎಂದರೆ ಫ್ರೆಂಚಿನಲ್ಲಿ ಸ್ಕ್ವಾಡ್ರನ್). ಲಫಾಯೆಟ್ ಎಂದರೆ 1777ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಹಡಗು ಹತ್ತಿದ ಫ್ರೆಂಚ್ ಶ್ರೀಮಂತ. ಆ ಋಣ ತೀರಿಸಲು ಬಂದಿದ್ದೇವೆ ಎಂಬ ಭಾವ ಈ ಹುಡುಗರಿಗೆ.

ಒಟ್ಟು 38 ಜನ ಅಮೆರಿಕನ್ನರು ಈ ಸ್ಕ್ವಾಡ್ರನ್ನಿನಲ್ಲಿ ಹಾರಿದರು. ಮೊದಲಿಗೆ ಅವರ ಕೈಗೆ ಸಿಕ್ಕಿದ್ದು ನ್ಯೂಪೋರ್ 11 ಎಂಬ ಪುಟ್ಟ ವಿಮಾನ. ಮೆಷಿನ್ ಗನ್ ಇರುತ್ತಿದ್ದದ್ದು ತಲೆಯ ಮೇಲಿನ ರೆಕ್ಕೆಯಲ್ಲಿ. ಒಂದು ಡ್ರಮ್ಮಿನಲ್ಲಿ 47 ಗುಂಡು. ಅದು ಖಾಲಿಯಾದರೆ ಹಾರುತ್ತಲೇ ಒಂದು ಕೈಯಲ್ಲಿ ವಿಮಾನ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗನ್ನನ್ನು ಕೆಳಗೆಳೆದು ಡ್ರಮ್ ಬದಲಿಸಬೇಕು. ಪ್ಯಾರಾಶೂಟ್ ಕೊಡುತ್ತಿರಲಿಲ್ಲ. ಎಂಜಿನ್ ಸವೆಯದಂತೆ ಹಾಕುತ್ತಿದ್ದದ್ದು ಹರಳೆಣ್ಣೆ! ನಮ್ಮ ಅಜ್ಜಿಯರು ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ಎಂಜಿನ್ ಗಿರಗಿರ ತಿರುಗುವಾಗ ಅದು ಪೈಲಟ್ಟಿನ ಮುಖಕ್ಕೆಲ್ಲ ಸಿಡಿದು ಬಾಯಿಗೂ ಹೋಗುತ್ತಿತ್ತು. ಹೊಟ್ಟೆಯ ಗತಿ ಏನಾಗುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈ ಹುಡುಗರ ಧೈರ್ಯದ ಮೇಲೆ ನನಗೆ ಗೌರವವಿದೆ. ವಿಕ್ಟರ್ ಚಾಪ್ಮನ್ 1916ರ ಜೂನ್ 23ರಂದು ಫ್ರಾನ್ಸಿನ ಯುದ್ಧಭೂಮಿ ವೆರ್ದನ್ ಹತ್ತಿರ ಸತ್ತಾಗ, ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಗೆಳೆಯನಿಗೆ ಕಿತ್ತಳೆ ಹಣ್ಣು ಒಯ್ಯಲು ಹೊರಟಿದ್ದವನು. ಆದರೂ ಈ ಕಮಾನಿನ ಕೆಳಗೆ ನಿಂತಾಗಲೆಲ್ಲ ನನಗೆ ಜಾಸ್ತಿ ನೆನಪಾಗುವವರು ಬೇರೆ ಇಬ್ಬರು.

ಒಬ್ಬ ಯೂಜೀನ್ ಬುಲ್ಲಾರ್ಡ್. ಜಾರ್ಜಿಯಾದ ಕೊಲಂಬಸ್ ಎಂಬ ಊರಿನಲ್ಲಿ 1895ರಲ್ಲಿ ಹುಟ್ಟಿದ ಕಪ್ಪು ಹುಡುಗ. ಫ್ರಾನ್ಸಿನಲ್ಲಿ ಕಪ್ಪು ಜನರನ್ನೂ ಮನುಷ್ಯರಂತೆ ಕಾಣುತ್ತಾರೆ ಎಂದು ಅವನ ಅಪ್ಪ ಹೇಳುತ್ತಿದ್ದರಂತೆ. ಹುಡುಗ ಮನೆ ಬಿಟ್ಟ, ಕದ್ದು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಬಂದ, ಬಾಕ್ಸಿಂಗ್ ಮಾಡುತ್ತಾ ಪ್ಯಾರಿಸ್ ಸೇರಿದ. ಯುದ್ಧ ಬಂದಾಗ ವಿದೇಶಿ ಪಡೆಗೆ ಸೇರಿ ವೆರ್ದನ್‌ನಲ್ಲಿ ಗಾಯಗೊಂಡ. ಇನ್ನು ಕಾಲಾಳಾಗಿ ಹೋರಾಡಲು ಆಗದು ಎಂದಾಗ ಹಾರಲು ಕಲಿತ. 1917ರ ಮೇನಲ್ಲಿ ಪೈಲಟ್ ಲೈಸೆನ್ಸ್ ಕೈಗೆ ಬಂತು. ತನ್ನ ವಿಮಾನದ ಮೇಲೆ ಚೂರಿ ನೆಟ್ಟ ಹೃದಯದ ಚಿತ್ರ ಬರೆಸಿ, ‘ಹರಿಯುವ ರಕ್ತವೆಲ್ಲ ಕೆಂಪೇ’ ಎಂದು ಫ್ರೆಂಚಿನಲ್ಲಿ ಬರೆಸಿದ್ದ.

ಅಮೆರಿಕ ಯುದ್ಧಕ್ಕಿಳಿದ ಮೇಲೆ ಫ್ರೆಂಚ್ ದಳದಲ್ಲಿದ್ದ ತನ್ನ ಪೈಲಟ್‌ಗಳನ್ನು ತನ್ನ ಸೇನೆಗೆ ಕರೆಸಿಕೊಂಡಿತು. ಬುಲ್ಲಾರ್ಡ್ ಕೂಡ ಅರ್ಜಿ ಹಾಕಿದ. ಅವನನ್ನು ಕರೆಯಲೇ ಇಲ್ಲ. ಮೈಬಣ್ಣ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಆ ವರ್ಷದ ಕೊನೆಗೆ ಫ್ರೆಂಚರೂ ಅವನನ್ನು ವಿಮಾನದಳದಿಂದ ತೆಗೆದು ಕಾಲಾಳು ಪಡೆಗೆ ವಾಪಸ್ ಕಳಿಸಿದರು. 1959ರಲ್ಲಿ ಫ್ರಾನ್ಸ್ ತನ್ನ ದೊಡ್ಡ ಗೌರವವಾದ ‘ಲೆಜಿಯೋಂ ದೊನರ್’ ಕೊಟ್ಟಾಗ ಆತ ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನಲ್ಲಿ ಲಿಫ್ಟ್ ಆಪರೇಟರ್. ಅದೇ ಕಟ್ಟಡದಲ್ಲಿದ್ದ ಟಿವಿ ಚಾನೆಲ್ಲು ಅವನನ್ನು ಸಂದರ್ಶನ ಮಾಡಿತು, ಆತ ಲಿಫ್ಟಿನ ಸಮವಸ್ತ್ರದಲ್ಲೇ ಬಂದು ಕೂತ. ಅವನ ದೇಶ ಅವನನ್ನು ವಾಯುಪಡೆಯ ಅಧಿಕಾರಿ ಎಂದು ಒಪ್ಪಿಕೊಂಡಿದ್ದು 1994ರಲ್ಲಿ, ಆತ ಸತ್ತು ಮೂವತ್ತು ವರ್ಷ ದಾಟಿದ ಮೇಲೆ. ಇದನ್ನು ಯಾರಿಗೆ ಹೇಳುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರು ನಮ್ಮವರೇ, ಹರದಿತ್ ಸಿಂಗ್ ಮಲಿಕ್. ರಾವಲ್ಪಿಂಡಿಯ ಸಿಖ್ ಹುಡುಗ, ಆಕ್ಸ್‌ಫರ್ಡಿನಲ್ಲಿ ಓದು. ಜೊತೆಗೆ ಓದಿದವರೆಲ್ಲ ಅಧಿಕಾರಿಗಳಾಗಿ ಸೇನೆ ಸೇರುವಾಗ, ಭಾರತೀಯ ಎಂಬ ಕಾರಣಕ್ಕೆ ಇವರಿಗೆ ಜಾಗ ಸಿಗಲಿಲ್ಲ. ಸುಮ್ನೆ ಕೂರದೆ ಫ್ರಾನ್ಸಿಗೆ ಬಂದು ಫ್ರೆಂಚ್ ರೆಡ್ ಕ್ರಾಸಿನ ಆಂಬುಲೆನ್ಸ್ ಓಡಿಸಿದರು. ಆಮೇಲೆ ಫ್ರೆಂಚ್ ವಿಮಾನದಳಕ್ಕೆ ಅರ್ಜಿ ಹಾಕಿದರು. ಅವರು ತೆಗೆದುಕೊಳ್ಳಲು ಒಪ್ಪಿದರು! ಸುದ್ದಿ ತಿಳಿದ ಆಕ್ಸ್‌ಫರ್ಡಿನ ಗುರು ಫ್ರಾನ್ಸಿಸ್ ಅರ್ಕಾರ್ಟ್ ಬ್ರಿಟಿಷ್ ಜನರಲ್ ಒಬ್ಬರಿಗೆ ಕಾಗದ ಬರೆದರು. ನಾವು ಬೇಡವೆಂದ ಹುಡುಗನನ್ನು ಫ್ರೆಂಚರು ತೆಗೆದುಕೊಂಡರೆ ನಮಗೇ ನಾಚಿಕೆಗೇಡು ಎಂಬುದು ಅದರ ಸಾರ. 1917ರ ಏಪ್ರಿಲ್‌ನಲ್ಲಿ ಮಲಿಕ್ ಬ್ರಿಟಿಷ್ ವಿಮಾನದಳದ ಅಧಿಕಾರಿಯಾದರು.

ಪೇಟ ತೆಗೆಯಲು ಅವರು ಒಪ್ಪಲಿಲ್ಲ. ಅದರ ಮೇಲೆಯೇ ಕೂರುವಂಥ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡರು. ಆ ಅಕ್ಟೋಬರ್ 26ರಂದು ಜರ್ಮನ್ ವಿಮಾನಗಳು ಮುತ್ತಿಕೊಂಡವು, ಕಾಲಿಗೆ ಗುಂಡು ಬಿತ್ತು. ಹೇಗೋ ತಮ್ಮ ಕಡೆಗೆ ಬಂದು ವಿಮಾನ ಕೆಡವಿಕೊಂಡು ಬದುಕಿದರು. ವಿಮಾನದಲ್ಲಿ 400ಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವು. ಕಾಲಿನಲ್ಲಿ ಉಳಿದ ಎರಡು ಗುಂಡು 1985ರಲ್ಲಿ ತೀರಿಕೊಳ್ಳುವವರೆಗೂ ಒಳಗೇ ಇದ್ದವು.

ಫ್ರಾನ್ಸ್ ಸಾಧು ದೇಶವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಜೀರಿಯಾ, ವಿಯೆಟ್ನಾಂ, ನಮ್ಮ ಪಾಂಡಿಚೇರಿ ಎಲ್ಲ ಆಗ ಅವರ ಕೈಯಲ್ಲೇ ಇದ್ದವು. ಯುದ್ಧಕ್ಕೆ ಜನವೂ ಬೇಕಿತ್ತು. ಆದರೂ ಸ್ವಂತ ದೇಶ, ಸ್ವಂತ ಸರ್ಕಾರ ‘ನಿನಗಲ್ಲ’ ಎಂದವರಿಗೆ ಇಲ್ಲಿ ‘ಬಾ’ ಎನ್ನುವವರು ಸಿಕ್ಕಿದರು. ವೀಸಾ ಕಚೇರಿಯ ಕ್ಯೂನಲ್ಲಿ ಫೈಲು ಹಿಡಿದು ನಿಂತ ನಮ್ಮಂಥವರಿಗೆ ಅದರ ಬೆಲೆ ಗೊತ್ತು. ಮಲಿಕ್ 1949ರಲ್ಲಿ ಪ್ಯಾರಿಸ್ಸಿಗೆ ಮತ್ತೆ ಬಂದರು, ಈ ಸಲ ಸ್ವತಂತ್ರ ಭಾರತದ ರಾಯಭಾರಿಯಾಗಿ. 1954ರಲ್ಲಿ ಪಾಂಡಿಚೇರಿ ಭಾರತದ ಆಡಳಿತಕ್ಕೆ ಬಂದಾಗ ಇಲ್ಲಿ ನಮ್ಮ ರಾಯಭಾರಿ ಅವರೇ.

ನೀವು ಈ ಕಡೆ ಬಂದರೆ ಮಾರ್ನ್ ಲಾ ಕೊಕೆತ್‌ಗೆ ಹೋಗಿ. ನೆಲಮಾಳಿಗೆ ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು ದಿನ ಬಿಡುವಿದ್ದರೆ ಗಾರ್ ದು ನಾರ್ ಸ್ಟೇಷನ್ನಿನಿಂದ ಉತ್ತರದ ಲೆನ್ಸ್ ಊರಿಗೆ ರೈಲು ಹಿಡಿಯಿರಿ. ಹತ್ತಿರದ ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಬ್ರಿಟಿಷ್ ವಿಮಾನದಳದ ಪೈಲಟ್, ಕೊಲ್ಕತ್ತಾದ ಇಂದ್ರಲಾಲ್ ರಾಯ್ ಅವರ ಸಮಾಧಿ ಇದೆ, ಕಲ್ಲಿನ ಮೇಲೆ ಬಂಗಾಳಿಯಲ್ಲೂ ಕೆತ್ತಿದ್ದಾರೆ. 1918ರ ಜುಲೈನಲ್ಲಿ ಎರಡು ವಾರದೊಳಗೆ ಆಕಾಶದ ಕಾಳಗದಲ್ಲಿ ಹತ್ತು ಗೆಲುವು ಕಂಡು, 22ರಂದು ಸತ್ತಾಗ ಆ ಹುಡುಗನಿಗೆ 19 ವರ್ಷ. ಅಲ್ಲಿಂದ ನವ್ ಶಾಪೆಲ್ ಕೂಡ ದೂರವಿಲ್ಲ. ಅಲ್ಲಿನ ಸ್ಮಾರಕದ ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳಿವೆ. ಲೆನ್ಸ್‌ನಲ್ಲಿ ಬಾಡಿಗೆ ಕಾರು ಮಾಡಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಬೇಗ ಹೊರಟರೆ ಎರಡನ್ನೂ ನೋಡಿಕೊಂಡು ರಾತ್ರಿಗೆ ಪ್ಯಾರಿಸ್ ಸೇರಬಹುದು.