ಲೈವ್ ಡೇಟಾಬೇಸ್ ಮತ್ತು 38ನೇ ಲಾಟ್

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗೆ ಹೋದ ಸೀಸನ್‌ನಲ್ಲಿ ನಾನು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟೆ. ತಿಕೋಟಾ, ಬಬಲೇಶ್ವರ ಕಡೆಯ ರೈತರು ಒಣದ್ರಾಕ್ಷಿ ತಂದು ಅಲ್ಲಿ ಇಡುತ್ತಾರೆ. ಕಾಟಾದಲ್ಲಿ ತೂಕ ಆದ ಮೇಲೆ ಐದಂಕಿಯ ಲಾಟ್ ನಂಬರ್ ಬರೆದ ಚೀಟಿ ಸಿಗುತ್ತದೆ. ಕೌಂಟರ್‌ನಲ್ಲಿ ಆ ನಂಬರ್ ಹೊಡೆದರೆ ತೂಕ, ಬಾಕ್ಸ್ ಲೆಕ್ಕ ಎಲ್ಲ ಬಂದು ಪಾವತಿ ಪ್ರಿಂಟ್ ಆಗಬೇಕು. ಕಾಟಾದ ಹಳೆಯ ಸಾಫ್ಟ್‌ವೇರ್ ಬಳಸುತ್ತಿದ್ದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೇ ನನ್ನ ಅಪ್ಲಿಕೇಶನ್ನನ್ನೂ ಸೇರಿಸಬೇಕಿತ್ತು.

ಲ್ಯಾಪ್‌ಟಾಪ್‌ನಲ್ಲಿ ಎರಡು ವಾರ ಓಡಿಸಿ ನೋಡಿದ್ದೆ. ಏನೂ ತೊಂದರೆ ಕಂಡಿರಲಿಲ್ಲ. ಲೈವ್ ಮಾಡಿದ ಮೊದಲ ದಿನವೇ ಮಧ್ಯಾಹ್ನ ಫೋನ್ ಬಂತು. "ಸರ್, ಏನ್ ಹೊಡದ್ರೂ ಬರವಲ್ದು. ಕಾಟಾನೂ ನಿಂತೈತಿ."

ಹೋಗಿ ನೋಡಿದರೆ ಗೇಟಿನ ಹೊರಗೆ ಗಾಡಿಗಳ ಸಾಲು. ಒಬ್ಬ ಹಿರಿಯರು ಟ್ರಾಲಿಯ ಮೇಲೆ ತಾಡಪತ್ರಿ ಎಳೆದು ಬಾಕ್ಸ್‌ಗಳಿಗೆ ನೆರಳು ಮಾಡುತ್ತಿದ್ದರು. "ತಮ್ಮಾ, ಈ ಬಿಸಲಾಗ ಮಾಲು ಕೆಂಪಾತಂದ್ರ ರೇಟ್ ಯಾರು ಕೊಡ್ತಾರ?" ಎಂದರು. "ಅರ್ಧ ತಾಸು ಕೊಡ್ರಿ ಕಾಕಾ" ಅಂದೆ. ಬಿಸಿಗೆ ಬಣ್ಣ ಕೆಡಬಾರದು ಅಂತಲೇ ಅಲ್ವಾ ಅವರು ಇಲ್ಲಿಗೆ ತರುವುದು? ನನಗೆ ಕೈಕಾಲು ಆಡಲಿಲ್ಲ.

ಲಾಗ್‌ನಲ್ಲಿ ಒಂದೇ ಸಾಲು ಮತ್ತೆ ಮತ್ತೆ: "ಟೂ ಮೆನಿ ಕನೆಕ್ಷನ್ಸ್". ಅಂದರೆ ಡೇಟಾಬೇಸ್‌ಗೆ ತೆರೆದ ಸಂಪರ್ಕಗಳು ಮಿತಿ ಮೀರಿವೆ. ಡೇಟಾಬೇಸ್ ಒಳಗೆ ಹೋಗಿ ನೋಡೋಣ ಅಂದರೆ ನನಗೂ ಬಾಗಿಲು ತೆಗೆಯಲಿಲ್ಲ. ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದೆ. ಎಲ್ಲವೂ ಸರಿಹೋಯಿತು. ಆದರೆ ಯಾಕೆ ನಿಂತಿತು ಅಂತ ಮಾತ್ರ ಗೊತ್ತಾಗಲಿಲ್ಲ.

ಅವತ್ತು ರಾತ್ರಿ ಕೂತು ಓದಿದೆ. ಮೈಎಸ್‌ಕ್ಯೂಎಲ್ ಸುಮ್ನೆ ಇನ್‌ಸ್ಟಾಲ್ ಮಾಡಿ ಬಿಟ್ಟರೆ ಒಮ್ಮೆಗೆ 151 ಕನೆಕ್ಷನ್‌ಗಳಿಗೆ ಜಾಗ ಕೊಡುತ್ತದೆ. ಅದರ ಮೇಲೆ ಇನ್ನೊಂದನ್ನು ಅಡ್ಮಿನ್‌ಗೆ ಅಂತ ಎತ್ತಿಡುತ್ತದೆ, ಕಷ್ಟಕಾಲದಲ್ಲಿ ಒಳಗೆ ಹೋಗಿ ನೋಡಲಿ ಎಂದು. ನಾನು ಅಪ್ಲಿಕೇಶನ್ನಿಗೆ ಎಲ್ಲ ಅಧಿಕಾರ ಇರುವ ರೂಟ್ ಯೂಸರನ್ನೇ ಕೊಟ್ಟಿದ್ದೆ. ಹಾಗಾಗಿ ಎತ್ತಿಟ್ಟಿದ್ದ ಆ ಒಂದನ್ನೂ ಅಪ್ಲಿಕೇಶನ್ನೇ ತಿಂದುಹಾಕಿತ್ತು. ಆಗಲೇ ಬೇರೆ ಯೂಸರ್ ಮಾಡಿದೆ. ಆ ಒಂದು ಡೇಟಾಬೇಸ್‌ನಲ್ಲಿ ಓದುವುದು, ಸೇರಿಸುವುದು, ತಿದ್ದುವುದು, ಇಷ್ಟಕ್ಕೆ ಮಾತ್ರ ಅನುಮತಿ.

ಮರುದಿನ ಮತ್ತೆ ನಿಂತಿತು. ಈ ಸಲ ರೂಟ್‌ನಿಂದ ಒಳಗೆ ಹೋಗಲು ಆಯಿತು. ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ಶೋ ಪ್ರೊಸೆಸ್‌ಲಿಸ್ಟ್ ಕಮಾಂಡ್ ಕೊಟ್ಟರೆ ಪರದೆ ತುಂಬ ನನ್ನ ಅಪ್ಲಿಕೇಶನ್ನಿನ ಹೆಸರೇ, ಎಲ್ಲದರ ಮುಂದೆ "ಸ್ಲೀಪ್". ಯಾವುದೂ ಕೆಲಸ ಮಾಡುತ್ತಿಲ್ಲ, ಯಾವುದೂ ಜಾಗ ಬಿಡುತ್ತಿಲ್ಲ. ಎಷ್ಟು ಸೆಕೆಂಡಿನಿಂದ ಮಲಗಿದೆ ಅನ್ನುವ ಕಾಲಂ ನೋಡುತ್ತಾ ಹೋದೆ. ನಾಲ್ಕು ಸಾಲು ಹೆಚ್ಚುಕಮ್ಮಿ ಒಂದೇ ಸಮಯದವು. ಆಮೇಲೆ ಅಂತರ. ಮತ್ತೆ ನಾಲ್ಕು. ಮತ್ತೆ ಅಂತರ.

ಯಾಕೆ ನಾಲ್ಕೇ?

ಕೌಂಟರ್ ಹುಡುಗ ಲಾಟ್ ನಂಬರ್ ಹೊಡೆಯುವುದನ್ನು ನಿಂತು ನೋಡಿದೆ. ಒಂದೊಂದು ಅಂಕಿ ಬಿದ್ದಾಗಲೂ ನನ್ನ ಸ್ಕ್ರೀನ್ ಹೊಸ ಕನೆಕ್ಷನ್ ತೆರೆದು ಡೇಟಾಬೇಸ್‌ನಲ್ಲಿ ಹುಡುಕುತ್ತಿತ್ತು. ಮೊದಲ ನಾಲ್ಕು ಸಲ ಲಾಟ್ ಸಿಗುವುದಿಲ್ಲ, ಐದನೆಯದಕ್ಕೆ ಸಿಗುತ್ತದೆ. ಸಿಕ್ಕಾಗ ಕನೆಕ್ಷನ್ ಮುಚ್ಚುವ ಸಾಲು ಬರೆದಿದ್ದೆ. ಸಿಗದಿದ್ದಾಗ "ಈ ನಂಬರ್ ಇಲ್ಲ" ಅಂತ ಹೇಳಿ ಅಲ್ಲಿಂದಲೇ ವಾಪಸ್, ಮುಚ್ಚುವ ಸಾಲಿನವರೆಗೆ ಬರುತ್ತಲೇ ಇರಲಿಲ್ಲ. ಒಂದು ಲಾಟ್‌ಗೆ ನಾಲ್ಕು. 37 ಲಾಟ್‌ಗೆ 148. 38ನೇ ರೈತ ಬಂದಾಗ ಜಾಗ ಮುಗಿಯುತ್ತಿತ್ತು, ಕಾಟಾದ ಸಾಫ್ಟ್‌ವೇರ್‌ಗೂ ಸೇರಿ. ಹೀಗೆ ಮಲಗಿದ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ತಾನಾಗಿ ಕಡಿಯುವುದು 28,800 ಸೆಕೆಂಡ್ ಆದ ಮೇಲೆ. ಅಂದರೆ ಪೂರ್ತಿ 8 ತಾಸು.

ಇದು ಮೊದಲೇ ಯಾಕೆ ಕಾಣಲಿಲ್ಲ ಅನ್ನುವುದು ನನಗೆ ಇನ್ನೂ ಮುಖ್ಯ ಅನ್ನಿಸಿತು. ನಾನು ವರ್ಷಗಟ್ಟಲೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡಿದವನು. ಅಲ್ಲಿ ಪೇಜ್ ಮುಗಿದ ತಕ್ಷಣ ಸಾಮಾನ್ಯವಾಗಿ ಕನೆಕ್ಷನ್ ತಾನೇ ಮುಚ್ಚಿಕೊಳ್ಳುತ್ತದೆ. ಈ ಕೆಲಸ ನೋಡ್ ಜೆಎಸ್‌ನಲ್ಲಿ. ಅಲ್ಲಿ ಪ್ರೋಗ್ರಾಂ ದಿನವಿಡೀ ಓಡುತ್ತಲೇ ಇರುತ್ತದೆ, ತೆರೆದದ್ದನ್ನು ನಾವೇ ಮುಚ್ಚಬೇಕು. ಲ್ಯಾಪ್‌ಟಾಪ್‌ನಲ್ಲಂತೂ ಕೋಡ್ ಸೇವ್ ಮಾಡಿದಾಗಲೆಲ್ಲ ಪ್ರೋಗ್ರಾಂ ರೀಸ್ಟಾರ್ಟ್ ಆಗಿ ಹಳೆಯ ಕನೆಕ್ಷನ್‌ಗಳೆಲ್ಲ ಹೋಗಿಬಿಡುತ್ತಿದ್ದವು. ಕೋಡ್ ಮುಟ್ಟದೆ ಒಂದು ಇಡೀ ದಿನ ಓಡಲು ಬಿಟ್ಟಿದ್ದರೆ ತಪ್ಪು ನನ್ನ ಮೇಜಿನ ಮೇಲೇ ಸಿಗುತ್ತಿತ್ತು.

ಸರಿಪಡಿಸಲು ಒಂದು ಸಂಜೆ ಸಾಕಾಯಿತು. ಪ್ರತಿ ಸಲ ಹೊಸ ಕನೆಕ್ಷನ್ ತೆರೆಯುವುದನ್ನು ಬಿಟ್ಟು ಹತ್ತರ ಪೂಲ್ ಇಟ್ಟೆ, ಅಂದರೆ ಹತ್ತು ಕನೆಕ್ಷನ್‌ಗಳನ್ನೇ ಮತ್ತೆ ಮತ್ತೆ ಹಂಚಿಕೊಂಡು ಬಳಸುವುದು. ಸಾದಾ ಹುಡುಕಾಟಕ್ಕೆ ಪೂಲ್‌ನ ಕ್ವೆರಿಯನ್ನೇ ಕರೆದರೆ ಕನೆಕ್ಷನ್ನನ್ನು ಅದೇ ವಾಪಸ್ ಇಡುತ್ತದೆ. ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಹಲವು ಬದಲಾವಣೆ) ಇರುವಲ್ಲಿ ಮಾತ್ರ ಕೈಯಿಂದ ಪಡೆದು, ವಾಪಸ್ ಬಿಡುವ ರಿಲೀಸ್ ಸಾಲನ್ನು ಫೈನಲಿ ಬ್ಲಾಕ್ ಒಳಗೆ ಬರೆದೆ. ಸಿಗಲಿ, ಸಿಗದಿರಲಿ, ಎರರ್ ಬರಲಿ, ಆ ಸಾಲು ಓಡಲೇಬೇಕು. ಪೂಲ್ ಇದೆ ಅಂತ ಇದನ್ನು ಮರೆಯಬೇಡಿ. ಪೂಲ್‌ನಲ್ಲಿ ಹತ್ತೂ ಸಿಕ್ಕಿಬಿದ್ದರೆ ಎರರ್ ಕೂಡ ಬರುವುದಿಲ್ಲ, ಹನ್ನೊಂದನೆಯವರು ಸುಮ್ನೆ ಕಾಯುತ್ತಾ ಕೂರುತ್ತಾರೆ. ಹುಡುಕುವುದನ್ನೂ ಐದು ಅಂಕಿ ಬಿದ್ದ ಮೇಲೆ ಮಾತ್ರ ಮಾಡಿದೆ. 151 ಅನ್ನು 500 ಮಾಡಿ ಅಂತ ಗೆಳೆಯರೊಬ್ಬರು ಹೇಳಿದರು. ಅದರಿಂದ ನಿಲ್ಲುವ ಹೊತ್ತು ಮುಂದಕ್ಕೆ ಹೋಗುತ್ತಿತ್ತು ಅಷ್ಟೇ.

ಮುಂದಿನ ದಿನ ಬೆಳಿಗ್ಗೆಯಿಂದಲೇ ಕೌಂಟರ್ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತೆ, ತೆರೆದಿರುವ ಕನೆಕ್ಷನ್ ಎಷ್ಟು ಅಂತ ನಿಮಿಷಕ್ಕೊಮ್ಮೆ ನೋಡುತ್ತಾ. 38ನೇ ಲಾಟ್ ಬಂತು. ಪಾವತಿ ಪ್ರಿಂಟ್ ಆಯಿತು. ಪರದೆಯ ಮೇಲೆ ಕನೆಕ್ಷನ್‌ಗಳ ಸಂಖ್ಯೆ 7. 39ನೆಯವರು ಆಗಲೇ ಚೀಟಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು.