ಭಾಗಿಸದೆಯೇ ತಿಳಿದ ಅವಿಭಾಜ್ಯ

170141183460469231731687303715884105727. 39 ಅಂಕಿಗಳ ಈ ಸಂಖ್ಯೆಯನ್ನು ನಾನು ಆಗಾಗ ಕಾಗದದ ಮೇಲೆ ಪೂರ್ತಿಯಾಗಿ ಬರೆದು ನೋಡುತ್ತೇನೆ. ದಶಮಾನ ಪದ್ಧತಿಯಲ್ಲಿ ಇದರ ಅಂಕಿಗಳಿಗೆ ಯಾವ ಕ್ರಮವೂ ಇದ್ದಂತೆ ಕಾಣುವುದಿಲ್ಲ. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಗೆ ತಂದರೆ ಸಾಲಾಗಿ 127 ಒಂದುಗಳು ನಿಲ್ಲುತ್ತವೆ, ನಡುವೆ ಒಂದು ಸೊನ್ನೆಯೂ ಇರುವುದಿಲ್ಲ. 2ರ 127ನೇ ಘಾತದಿಂದ 1 ಕಳೆದರೆ ಬರುವ ಈ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾಸ್ 1876ರಲ್ಲಿ ಕೈಲೆಕ್ಕದಿಂದಲೇ ತೋರಿಸಿದರು. 1951ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ.

ಭಾಗಿಸಿ ನೋಡುವ ದಾರಿ ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದಿದ್ದರೆ ಅದನ್ನು 254ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕಿತ್ತು ಎಂಬುದು ನಿಜ; ಆದರೆ ವರ್ಗಮೂಲದವರೆಗೆ ಅಂಥ ಸಂಖ್ಯೆಗಳೇ ಸುಮಾರು 5ರ ಮುಂದೆ 16 ಸೊನ್ನೆ ಇಟ್ಟಷ್ಟಿವೆ.

ಲ್ಯೂಕಾಸ್ ಹಿಡಿದದ್ದು ಬೇರೆಯೇ ದಾರಿ. ಮುಂದೆ ಅಮೆರಿಕದ ಗಣಿತಜ್ಞ ಲೆಹ್ಮರ್ ಪರಿಷ್ಕರಿಸಿದ ಅದರ ರೂಪವನ್ನು ಚಿಕ್ಕ ಸಂಖ್ಯೆಯೊಂದರ ಮೇಲೆ ಕೈಯಾರೆ ಮಾಡಿ ನೋಡಿದಾಗ ಆಗುವ ಸಂತೋಷವನ್ನು ನಾನು ಬೇರೆ ಯಾವ ಲೆಕ್ಕದಲ್ಲೂ ಕಂಡಿಲ್ಲ. 2ರ 7ನೇ ಘಾತದಿಂದ 1 ಕಳೆದರೆ ಬರುವ 127ನ್ನೇ ತೆಗೆದುಕೊಳ್ಳೋಣ. 4ರಿಂದ ಹೊರಟು, ಪ್ರತಿ ಸಲವೂ ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು: 4, 14, 67, 42, 111, ಕೊನೆಗೆ 0. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಐದು ಹೆಜ್ಜೆಗಳಲ್ಲಿ ಸೊನ್ನೆ ಬಂದದ್ದರಿಂದ 127 ಅವಿಭಾಜ್ಯ. ಸೊನ್ನೆ ಬಾರದಿದ್ದರೆ ಅಲ್ಲ. ನಮ್ಮ 39 ಅಂಕಿಗಳ ಸಂಖ್ಯೆಗೆ ಇಂಥ 125 ಹೆಜ್ಜೆಗಳು ಸಾಕು. ದ್ವಿಮಾನದಲ್ಲಿ ಶೇಷ ತೆಗೆಯುವುದಕ್ಕೂ ಭಾಗಾಕಾರ ಬೇಕಿಲ್ಲ, ಏಕೆಂದರೆ 127 ಸ್ಥಾನಗಳನ್ನು ಮೀರಿದ ಭಾಗವನ್ನು ಕತ್ತರಿಸಿ ಕೆಳಗಿನ ಭಾಗಕ್ಕೆ ಕೂಡಿದರೆ ಶೇಷ ಬದಲಾಗುವುದಿಲ್ಲ. ಸಂಖ್ಯೆಯ ಆಕಾರವೇ ಅದರ ಪರೀಕ್ಷೆಯನ್ನು ಹಗುರಗೊಳಿಸಿದೆ.

ಈ ಪರೀಕ್ಷೆ ಭಾಜಕವಿದೆಯೇ ಇಲ್ಲವೇ ಎಂದು ಹೇಳುತ್ತದೆಯೇ ಹೊರತು ಅದು ಯಾವುದೆಂದು ಹೇಳುವುದಿಲ್ಲ. 2ರ ಯಾವ ಘಾತಗಳಿಂದ 1 ಕಳೆದರೆ ಅವಿಭಾಜ್ಯ ಬರುತ್ತದೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 127ರ ಜೊತೆಗೆ 67 ಎಂಬ ಘಾತಾಂಕವೂ ಇತ್ತು. ಅದು ತಪ್ಪೆಂದು ಲ್ಯೂಕಾಸ್ ತೋರಿಸಿದರೂ, 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಯ ಭಾಜಕಗಳಾದ 193707721 ಮತ್ತು 761838257287ನ್ನು ಅಮೆರಿಕದ ಗಣಿತಜ್ಞ ಕೋಲ್ 1903ರಲ್ಲಿ ಪ್ರಕಟಿಸುವವರೆಗೆ ಕಾಯಬೇಕಾಯಿತು.

ನಮ್ಮ 39 ಅಂಕಿಗಳ ಸಂಖ್ಯೆಯಿಂದ 77 ಅಂಕಿಗಳ ಪರಿಪೂರ್ಣ ಸಂಖ್ಯೆಯೊಂದು, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯೊಂದು, ಹುಟ್ಟುತ್ತದೆ. ನನ್ನನ್ನು ಅದಕ್ಕಿಂತ ಹೆಚ್ಚು ಸೆಳೆಯುವುದು ಇದರ ವಂಶಾವಳಿ. 2ರ ಘಾತದಿಂದ 1 ಕಳೆಯುವ ಇದೇ ಲೆಕ್ಕದಲ್ಲಿ 2ನ್ನು ಘಾತಾಂಕವಾಗಿಟ್ಟರೆ 3, 3ನ್ನು ಇಟ್ಟರೆ 7, 7ನ್ನು ಇಟ್ಟರೆ 127, 127ನ್ನು ಇಟ್ಟರೆ ನಮ್ಮ ಸಂಖ್ಯೆ, ಎಲ್ಲವೂ ಅವಿಭಾಜ್ಯಗಳೇ. ಇದನ್ನೂ ಘಾತಾಂಕವಾಗಿಟ್ಟರೆ ಬರುವ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೆಂದು ಬರೆಯುವುದಕ್ಕೇ 38 ಅಂಕಿಗಳು ಬೇಕು, ಲ್ಯೂಕಾಸರ ಹೆಜ್ಜೆಗಳ ಎಣಿಕೆ 39 ಅಂಕಿಗಳಿಗೆ ಏರುತ್ತದೆ. ಅದು ಅವಿಭಾಜ್ಯವಲ್ಲದಿದ್ದರೆ ಎಂದಾದರೊಂದು ದಿನ ಯಾರಿಗಾದರೂ ಅದರ ಭಾಜಕ ಸಿಕ್ಕೀತು. ಅವಿಭಾಜ್ಯವೇ ಆಗಿದ್ದರೆ, ಅದನ್ನು ಸಾಧಿಸಿ ತೋರಿಸುವ ದಾರಿ ಇಂದು ಯಾರ ಬಳಿಯೂ ಇಲ್ಲ.