ರಿಮೈಂಡರ್ ಯಾರ ಕೈಗೆ ಹೋಗುತ್ತದೆ?

ಡ್ಯಾಶ್‌ಬೋರ್ಡಿನಲ್ಲಿ ಗೈರುಹಾಜರಿಯ ಕೆಂಪು ಪಟ್ಟಿ ಉದ್ದವಾದರೆ ನಮ್ಮ ಮೇಲಿನವರಿಗೆ ನಿದ್ದೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಕಿರು ಆಪ್ತಸಮಾಲೋಚನೆ ಪಿಎಂ ಪ್ಲಸ್‌ನ ಐದು ಸೆಷನ್‌ಗಳನ್ನು, ಮನೆಯಲ್ಲಿ ಹಿಂಸೆ ಎದುರಿಸುವ ಮಹಿಳೆಯರು ಪೂರ್ತಿ ಮಾಡುತ್ತಿಲ್ಲವೆಂದು, ಕ್ಷೇತ್ರದಲ್ಲಿರುವ ಯಾರನ್ನೂ ಕೇಳದೆ, ರಿಮೈಂಡರ್ ವ್ಯವಸ್ಥೆಯೊಂದನ್ನು ತಂದರು. ಸೆಷನ್ ಇರುವ ದಿನ ಸಂಸ್ಥೆಯ ಹೆಸರಿನಲ್ಲೇ ಸಂದೇಶ ಹೋಗುತ್ತದೆ: ‘ಇಂದು ನಿಮ್ಮ ಆಪ್ತಸಮಾಲೋಚನೆ ಇದೆ.’

(ಮುಂದಿನ ಪ್ರಸಂಗದಲ್ಲಿ ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.)

ಅಂದು ಸೂಪರ್‌ವಿಷನ್‌ಗೆಂದು ಹೋಗಿದ್ದೆ. ಹೊಲಿಗೆ ತರಗತಿಯ ಹಿಂದಿನ ಕೋಣೆ. ನಾಲ್ಕನೆಯ ಸೆಷನ್; ಕಷ್ಟಕ್ಕೆ ಯಾರನ್ನು ನೆಚ್ಚಬಹುದು ಎಂಬ ಮಾತು ನಡೆದಿತ್ತು. ಹೊರಗೆ ಗಂಡಸಿನ ದನಿ ಕೇಳಿತು. ಸೆಷನ್‌ಗೆ ಬಂದಿದ್ದ ಮಹಿಳೆ ಸದ್ದಿಲ್ಲದೆ ಎದ್ದು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಹಾಸಿಟ್ಟ ಬಟ್ಟೆಯ ಮುಂದೆ ಕುಳಿತರು. ಅಷ್ಟರಲ್ಲಿ ಗಂಡ ಬಾಗಿಲಲ್ಲಿದ್ದ. ಮನೆಗೆಲ್ಲ ಇರುವುದು ಒಂದೇ ಫೋನ್. ಅದು ಅವನ ಕೈಯಲ್ಲಿತ್ತು.

ತರಬೇತಿ ಪಡೆದವಳಲ್ಲವೇ, ಸಮಾಧಾನವಾಗಿ ವಿವರಿಸೋಣವೆಂದು ನಾನು ಬಾಯಿ ತೆರೆದೆ. ನಮ್ಮ ಕಾರ್ಯಕರ್ತೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ‘ಅದು ಯಂತ್ರ ಕಳಿಸುವುದು ಅಣ್ಣ. ಇಲ್ಲಿ ಹೆಸರು ಬರೆಸಿದವರಿಗೆಲ್ಲ ಹೋಗುತ್ತದೆ. ನನಗೂ ಬಂದಿದೆ, ನೋಡಿ’ ಎಂದು ತಮ್ಮ ಫೋನನ್ನೇ ಮುಂದೆ ಹಿಡಿದರು. ಅವನು ಸಂದೇಶ ಓದಿದ, ಬಟ್ಟೆ ನೋಡಿದ, ಮತ್ತೆ ಸಂದೇಶ ಓದಿದ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಲ್ಲೂ ಸೊಟ್ಟಗಾಗದೆ ಸಾಗುತ್ತಿತ್ತು. ‘ಬೇಗ ಮುಗಿಸು’ ಎಂದು ಹೊರಟುಹೋದ.

ಸೆಷನ್ ಅಲ್ಲಿಗೇ ನಿಂತಿತು. ಸೇಫ್ಟಿ ಪ್ಲಾನನ್ನು ಹೊಸದಾಗಿ ಹಾಕಿದೆವು: ರಾತ್ರಿ ಜಗಳವಾದರೆ ಯಾರ ಮನೆಗೆ ಹೋಗುವುದು, ಕಾಗದಪತ್ರಗಳನ್ನು ಯಾರ ಬಳಿ ಇಡುವುದು. ಐದನೆಯ ಸೆಷನ್ ಸದ್ಯಕ್ಕೆ ಬೇಡ ಎಂದರು ಆಕೆ. ಬೇಡವೆಂದರೆ ಬೇಡ. ಡ್ಯಾಶ್‌ಬೋರ್ಡ್ ಮಾತ್ರ ಅದನ್ನು ‘ಡ್ರಾಪ್‌ಔಟ್’ ಎಂದು ದಾಖಲಿಸಿಕೊಂಡಿತು.

ಹಿಂಸೆಗೆ ಒಳಗಾದ ಮಹಿಳೆಯರ ಆರೈಕೆ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2014ರ ಕೈಪಿಡಿಯ ಐದು ಹೆಜ್ಜೆಗಳು ನಮ್ಮ ಸಭಾ ಕೊಠಡಿಯ ಗೋಡೆಯ ಮೇಲಿವೆ: ಆಲಿಸುವುದು, ಅಗತ್ಯ ವಿಚಾರಿಸುವುದು, ನಂಬಿದ್ದೇವೆಂದು ತಿಳಿಸುವುದು, ಸುರಕ್ಷತೆ ಹೆಚ್ಚಿಸುವುದು, ಬೆಂಬಲ ಒದಗಿಸುವುದು. ಸಾಫ್ಟ್‌ವೇರ್ ಖರೀದಿಗೆ ಸಹಿ ಬಿದ್ದದ್ದೂ ಆ ಗೋಡೆಯ ಕೆಳಗೇ. ಯಾವ ಸಂಖ್ಯೆಗೆ, ಯಾವ ಹೊತ್ತಿನಲ್ಲಿ, ಯಾರ ಹೆಸರು ಹೇಳಿ ಕರೆ ಮಾಡಬಹುದು ಎಂದು ಮೊದಲ ಭೇಟಿಯಲ್ಲೇ ಕೇಳಬೇಕು. ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಸಂದೇಶ ನಿಲ್ಲಿಸಲು ಆಗುವುದಿಲ್ಲವಂತೆ. ಹಾಗಾಗಿ ಸಂದೇಶ ಕಳಿಸಿದರೆ ಅಪಾಯವಿಲ್ಲವೆಂದು ಕೇಳಿ ಖಾತ್ರಿಯಾಗದವರ ಫೋನ್ ಸಂಖ್ಯೆಯ ಕಾಲಂನಲ್ಲಿ ಕಚೇರಿಯ ಲ್ಯಾಂಡ್‌ಲೈನ್ ಸಂಖ್ಯೆಯನ್ನೇ ತುಂಬುತ್ತಿದ್ದೇವೆ. ಇಷ್ಟೊಂದು ಮಹಿಳೆಯರಿಗೆ ಒಂದೇ ಸಂಖ್ಯೆ ಹೇಗೆ ಎಂದು ಡೇಟಾ ತಂಡದವರು ವಿವರಣೆ ಕೇಳಿದ್ದಾರೆ.